ನಿಮಗಿದು ಗೊತ್ತೆ? ಚಿಟ್ಟೆಗಳಿಗೆ ಉಪ್ಪಿನ ಆಸೆ!

ಕೊಯಮತ್ತೂರಿನ ಆರ್.ಎಸ್. ಪುರಂನಿಂದ ಪಶ್ಚಿಮಕ್ಕೆ, ಸಿರುವಾಣಿ ಬೆಟ್ಟಗಳ ಕಡೆಗೆ ಬೇಸಿಗೆಯಲ್ಲಿ ಹೋದರೆ ಹಳ್ಳದ ಒದ್ದೆ ಮರಳಿಗೆ ಮುತ್ತಿದ ಚಿಟ್ಟೆಗಳನ್ನು ಗಮನಿಸಿ.

● ಹೀಗೆ ಮುತ್ತುವವು ಹೆಚ್ಚಾಗಿ ಗಂಡುಗಳು. ಹೂವಿನ ಮಕರಂದದಲ್ಲಿ ಸಾಕಷ್ಟು ಸಿಗದ ಸೋಡಿಯಂ ಲವಣವನ್ನು ಅವು ಕೆಸರಿನಿಂದ ಹೀರುತ್ತವೆ. ಅದರಲ್ಲೊಂದು ಪಾಲು ಮಿಲನದ ವೇಳೆ ಹೆಣ್ಣಿಗೆ, ಆ ಮೂಲಕ ಮೊಟ್ಟೆಗಳಿಗೆ ಸೇರುತ್ತದೆ.

● ಮುಂಗಾರಿಗೆ ಮುನ್ನ ಬ್ಲೂ ಟೈಗರ್, ಕ್ರೋ ಜಾತಿಯ ಚಿಟ್ಟೆಗಳು ಪಶ್ಚಿಮ ಘಟ್ಟದ ಜಡಿಮಳೆ ತಪ್ಪಿಸಿಕೊಳ್ಳಲು ಪೂರ್ವದ ಬಯಲಿಗೆ ಗುಂಪುಗುಂಪಾಗಿ ವಲಸೆ ಹೋಗುತ್ತವೆ. ಮಳೆಗಾಲ ಕಳೆದ ಮೇಲೆ ಘಟ್ಟದತ್ತ ವಲಸೆ ಕಾಣುತ್ತದೆ.

● ತಮಿಳುನಾಡು 2019ರಲ್ಲಿ 'ತಮಿಳ್ ಯೋಮನ್' ಅನ್ನು ರಾಜ್ಯದ ಚಿಟ್ಟೆಯೆಂದು ಘೋಷಿಸಿತು. ಕರ್ನಾಟಕದ್ದು 'ಸದರ್ನ್ ಬರ್ಡ್‌ವಿಂಗ್'. ಅದರ ರೆಕ್ಕೆಯ ಹರವು 190 ಮಿ.ಮೀ.ವರೆಗೂ ಇರಬಲ್ಲದು.

● ಫೋಟೊಕ್ಕೆ ಬೆಳಗಿನ ಹೊತ್ತೇ ಸರಿ. ಮೈ ಬಿಸಿಯಾಗದೆ ಹಾರಲಾರದ ಚಿಟ್ಟೆ ಆಗ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿರುತ್ತದೆ. ನಿಮ್ಮ ನೆರಳು ಅದರ ಮೇಲೆ ಬೀಳದಿರಲಿ, ಬಿದ್ದರೆ ಹಾರಿಹೋದೀತು. ರೆಕ್ಕೆಗೆ ಸಮನಾಗಿ ಕ್ಯಾಮೆರಾ ಹಿಡಿದರೆ ಇಡೀ ರೆಕ್ಕೆ ಸ್ಫುಟವಾಗಿ ಮೂಡುತ್ತದೆ.