ಮನೆಯೊಳಗಿನ ಶ್ರುತಿ

ಬೆಂಗಳೂರಿನ ಪೂರ್ವದಿಕ್ಕಿನ ಕುಂದಲಹಳ್ಳಿಯು ಈಗ ಹೆಸರಿಗೆ ಮಾತ್ರ ಹಳ್ಳಿ. ವೈಟ್‌ಫೀಲ್ಡಿನವರೆಗೂ ಗಣಕಯಂತ್ರದ ಆಫೀಸುಗಳು ಬೆಳೆದಿರುವುವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲೂ ಬಂದಿತು. ಹಗಲೆಲ್ಲ ಪರದೆಯ ಮುಂದೆ ಕುಳಿತು, ಸಂಜೆ ವಾಹನಗಳ ಗದ್ದಲದಲ್ಲಿ ಮನೆ ಸೇರುವ ಗೃಹಸ್ಥನಿಗೆ ಮನಶ್ಶಾಂತಿಯು ದುರ್ಲಭವೇ ಸರಿ. ಇಂತಹ ಮನೆಗಳಿಗೆ ನಮ್ಮ ಶಾಸ್ತ್ರೀಯ ಸಂಗೀತವೂ ಹೊಸ ಯಂತ್ರಗಳೂ ಕೂಡಿ ಏನು ಮಾಡಬಲ್ಲುವೆಂಬುದನ್ನು ವಿಚಾರಿಸೋಣ.

ಸಂಗೀತಕ್ಕೆ ಶ್ರುತಿಯೇ ತಾಯಿಯೆಂದು ಹಿರಿಯರು ಹೇಳುವರು. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಎಳೆ ನೂಲನ್ನು ಸರಿಯಾದ ಸ್ಥಾನದಲ್ಲಿಟ್ಟರೆ ನಾದವು ಝೇಂಕರಿಸಿ ಅನೇಕ ಉಪಸ್ವರಗಳನ್ನು ಹೊರಡಿಸುವುದು. ವೀಣೆ ತಂಬೂರಿಗಳ ಈ ವಿಶೇಷವನ್ನು ಸಿ. ವಿ. ರಾಮನ್ನರು 1921ರಲ್ಲಿಯೇ ವಿಜ್ಞಾನಿಗಳ ಗಮನಕ್ಕೆ ತಂದರು. ಆದರೆ ತಂಬೂರಿಯನ್ನು ಮೀಟಲು ಅನೇಕ ವೇಳೆ ಇನ್ನೊಬ್ಬರು ಬೇಕಾಗುವರು. ಹವೆ ಬದಲಾದರೆ ಶ್ರುತಿಯೂ ಕದಲುವುದು. ಬೆಂಗಳೂರಿನ ವೇಣುವಾದಕರೂ ಇಂಜಿನಿಯರೂ ಆದ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ವಿದ್ಯುನ್ಮಾನ ಶ್ರುತಿಯಂತ್ರವನ್ನು ರಚಿಸಿ ಈ ತೊಡಕನ್ನು ಬಹುಮಟ್ಟಿಗೆ ನೀಗಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮನೆಗಳನ್ನೂ ಸಂಗೀತ ಸಭೆಗಳನ್ನೂ ಸೇರಿದವು. ಈಗಲಂತೂ ಕೈಯೊಳಗಿನ ಮೊಬೈಲಿನಲ್ಲಿಯೇ ತಂಬೂರಿಯ ನಾದವು ದೊರೆಯುವುದು.

ಈ ಸೌಕರ್ಯಕ್ಕೆ ಬೆಲೆಯೂ ಉಂಟು. ಬಿರಡೆಯನ್ನು ತಿರುಗಿಸಿ ಶ್ರುತಿ ಕೂಡಿಸುವಾಗ ಕಿವಿಯು ಕಲಿಯುವ ಪಾಠವನ್ನು ಗುಂಡಿಯೊತ್ತುವುದು ಕಲಿಸದು. ಯಂತ್ರವು ಮೂಲೆಯಲ್ಲಿ ನುಡಿಯುತ್ತಿರಲು ಮನೆಯವರೆಲ್ಲರೂ ತಮ್ಮ ತಮ್ಮ ಪರದೆಗಳನ್ನು ನೋಡುತ್ತಿದ್ದರೆ, ಗದ್ದಲದ ಮನೆಗೆ ಇನ್ನೊಂದು ಸದ್ದನ್ನು ಸೇರಿಸಿದಂತಾಯಿತು. ಅದೇ ಯಂತ್ರದೆದುರು ಕುಳಿತು, ಷಡ್ಜವನ್ನು ದೀರ್ಘವಾಗಿ ಹಿಡಿದು, ದನಿಯು ನಾದದಲ್ಲಿ ಬೆರೆಯಿತೇ ಎಂದು ಆಲಿಸಿದರೆ ಉಸಿರು ನಿಧಾನವಾಗುವುದು, ಅಲೆಯುವ ಮನಸ್ಸು ಒಂದೆಡೆ ನಿಲ್ಲುವುದು. ನೆಮ್ಮದಿಯನ್ನು ತರುವುದು ಪೆಟ್ಟಿಗೆಯಲ್ಲ, ಆಲಿಸುವಿಕೆ.

ಸಂಗೀತಕ್ಕೂ ಮೆದುಳಿಗೂ ಇರುವ ಸಂಬಂಧವನ್ನು ಕುರಿತು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಶೋಧನೆಗಳು ನಡೆದಿರುವುವು. ಹಾಗೆಂದು ರಾಗವೇ ಔಷಧವೆಂದು ನಂಬಿ, ತೀವ್ರವಾದ ಖಿನ್ನತೆಯುಳ್ಳವರನ್ನು ವೈದ್ಯರಿಂದ ದೂರವಿಡುವುದು ತರವಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಹತ್ತೇ ನಿಮಿಷ ಶ್ರುತಿಯನ್ನಿಟ್ಟು, ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರೂ ಒಂದು ದೇವರನಾಮವನ್ನು ಹಾಡಬಹುದು. ಕಂಠ ಚೆನ್ನಾಗಿಲ್ಲವೆಂದು ಯಾರೂ ಸಂಕೋಚಪಡಬೇಕಾಗಿಲ್ಲ. ಮಕ್ಕಳು ಕಲಿಯತೊಡಗಿದರೆ, ಅವರ ಕೈಗೆ ಒಂದು ನಿಜವಾದ ತಂಬೂರಿಯನ್ನೂ ಕೊಡಿಸುವುದು ಒಳ್ಳೆಯದು.