ಜಮಖಾನೆಯ ನವಿಲು ಮತ್ತು 'ಸಿ' ಭಾಷೆಯ ಸಮಚಿಹ್ನೆ

ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳು ಭೌಗೋಳಿಕ ಸೂಚಕ ಮಾನ್ಯತೆ ಪಡೆದಿವೆ. ಅವುಗಳ ಮೇಲಿನ ನವಿಲನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸಿ, ಕೆಂಪು ಬೇಕಾದ ಮನೆಗೆ 1, ಉಳಿದವಕ್ಕೆ 0 ಎಂದು ಬರೆದುಕೊಳ್ಳೋಣ. ಈ ಚಿತ್ತಾರವನ್ನು ಗಣಕದ ತೆರೆಯ ಮೇಲೆ ಮೂಡಿಸಬೇಕು. 1972ರ ಸುಮಾರಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ರೂಪಿಸಿದ 'ಸಿ' ಭಾಷೆಯಲ್ಲಿ ಇದಕ್ಕೆ ಮುಖ್ಯವಾಗಿ ಬೇಕಾದುದು ಎರಡು: ಲೂಪ್ ಮತ್ತು ಷರತ್ತು.

ಹಾಳೆಯಲ್ಲಿ 40 ಸಾಲು, ಸಾಲಿಗೆ 30 ಮನೆ ಇವೆ ಎನ್ನೋಣ. ಹೊರಗಿನ 'ಫಾರ್' ಲೂಪ್ ಸಾಲುಗಳನ್ನು ಎಣಿಸುತ್ತದೆ, ಒಳಗಿನದು ಮನೆಗಳನ್ನು. ಹೀಗೆ ಷರತ್ತಿನ ಪರೀಕ್ಷೆ 1200 ಸಲ ನಡೆಯುತ್ತದೆ. ಸ್ಥೂಲವಾಗಿ ಅದು ಹೀಗಿರುತ್ತದೆ:

ಇಫ್ (ಮನೆ == 1) ಕೆಂಪು; ಎಲ್ಸ್ ಬಿಳಿ;

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಅವಸರದಲ್ಲಿ (ಮನೆ = 1) ಎಂದು ಬರೆದರೆ ಅದು ಹೋಲಿಕೆಯಲ್ಲ, ಮನೆಯೊಳಗೆ 1ನ್ನು ತುಂಬುವ ಆಜ್ಞೆ. ಅದರ ಬೆಲೆಯೂ 1. 'ಸಿ'ಯಲ್ಲಿ ಸೊನ್ನೆಯಲ್ಲದ್ದೆಲ್ಲ ನಿಜ. ಆದ್ದರಿಂದ ತೆರೆಯೆಲ್ಲ ಕೆಂಪು, ನವಿಲು ಮಾಯ! ಸಾಲದ್ದಕ್ಕೆ ಮೂಲ ನಕ್ಷೆಯ ಸೊನ್ನೆಗಳೂ ಅಳಿಸಿಹೋಗಿರುತ್ತವೆ.

ನೇಯುವವರಾದರೆ ತಪ್ಪಿದ ಎಳೆ ಕಂಡೊಡನೆ ಬಿಚ್ಚುತ್ತಾರೆ. ಕಂಪೈಲರ್ ಹಾಗಲ್ಲ. ಅದು ಇಡೀ ಕ್ರಮವಿಧಿಯನ್ನು ಮೊದಲೇ ಯಂತ್ರಭಾಷೆಗೆ ತಿರುಗಿಸುತ್ತದೆ. ನೋಡುವುದು ವ್ಯಾಕರಣವನ್ನು, ನವಿಲನ್ನಲ್ಲ. ಒಂಟಿ ಸಮಚಿಹ್ನೆಯೂ ವ್ಯಾಕರಣಬದ್ಧವೇ. ಕೇಳಿಕೊಂಡರೆ ಜಿಸಿಸಿಯಂಥ ಕಂಪೈಲರ್ ಎಚ್ಚರಿಕೆ ಕೊಡುತ್ತದೆ, ಆದರೂ ಕ್ರಮವಿಧಿಯನ್ನು ಸಿದ್ಧಮಾಡಿಯೇಬಿಡುತ್ತದೆ.

(1 == ಮನೆ) ಎಂದು ತಿರುಗಿಸಿ ಬರೆಯುವ ರೂಢಿಯೊಂದಿದೆ. ಓದಲು ಸ್ವಲ್ಪ ವಿಚಿತ್ರ, ನಿಜ. ಆದರೆ ಇಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ, 1ರೊಳಗೆ ಏನನ್ನೂ ತುಂಬಲಾಗದೆಂದು ಕಂಪೈಲರೇ ಕೆಲಸ ನಿಲ್ಲಿಸುತ್ತದೆ.