ಸಾವ್ಕಾರ್ರೇ, ನಿಮ್ಮ ಗುಂಡಿಗೆ ಡ್ರೈವರಂದೋ, ಕಂಡಕ್ಟರಂದೋ?

ಬೆಳಿಗ್ಗೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹೊರಡುವ ಹೊತ್ತು ನೋಡಿ. ಡ್ರೈವರು ಕೂತವರು ಕೂತೇ ಇರುತ್ತಾರೆ. ಕಂಡಕ್ಟರು ಮಾತ್ರ ಬುಟ್ಟಿ ದಾಟಿ, ಚೀಲ ದಾಟಿ, "ಮುಂದ್ ಹೋಗ್ರೀ, ಮುಂದ್ ಹೋಗ್ರೀ" ಅಂತ ಕೂಗುತ್ತಾ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾರೆ. ಒಂದೇ ಬಸ್ಸು, ಒಂದೇ ದಾರಿ, ಒಂದೇ ಧೂಳು. ಆದರೆ ಇಬ್ಬರ ಗುಂಡಿಗೆಯ ಲೆಕ್ಕ ಬೇರೆ!

ಈ ಲೆಕ್ಕ ಹಾಕಿದವರು ಲಂಡನ್ನಿನ ಡಾಕ್ಟರ್ ಜೆರ್ರಿ ಮಾರಿಸ್. ನಮ್ಮ ತುಂಗಭದ್ರಾ ಅಣೆಕಟ್ಟು ಮುಗಿದ 1953ರಲ್ಲೇ ಅವರ ವರದಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಲ್ಲಿಯವು ಡಬಲ್ ಡೆಕರ್ ಬಸ್ಸುಗಳು. ಟಿಕೆಟ್ ಕೊಡಲು ಕಂಡಕ್ಟರು ದಿನಕ್ಕೆ 500ರಿಂದ 750 ಮೆಟ್ಟಿಲು ಹತ್ತಬೇಕಿತ್ತು. ಕೂತೇ ದುಡಿಯುವ ಡ್ರೈವರಿಗಿಂತ ಕಂಡಕ್ಟರಿಗೆ ಹೃದಯದ ಕಾಯಿಲೆ ಕಡಿಮೆ ಬಂತು. ಬಂದರೂ ತಡವಾಗಿ, ಹಗುರವಾಗಿ ಬಂತು. ಮಾರಿಸ್ ಪ್ರಾಮಾಣಿಕ ಮನುಷ್ಯ. ಮುಂದೆ ಇಬ್ಬರ ಸಮವಸ್ತ್ರದ ಅಳತೆ ನೋಡಿದಾಗ ಡ್ರೈವರುಗಳ ಸೊಂಟ ಮೊದಲೇ ದಪ್ಪ ಇತ್ತು ಅಂತ ತಾವೇ ಬರೆದರು. ಆದರೂ ಬೇರೆ ಬೇರೆ ಕೆಲಸದವರ ಮೇಲೆ ಆಮೇಲೆ ನಡೆದ ಅಧ್ಯಯನಗಳು ಓಡಾಡುವವರ ಕಡೆಗೇ ಸಾಕ್ಷಿ ಹೇಳಿದವು. ಮಾರಿಸ್ ಸಾಹೇಬರೂ 99 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು.

ಈಗ ನಮ್ಮ ಪೇಟೆಗೆ ಬನ್ನಿ. ಗಲ್ಲಾದ ಮುಂದೆ ಬೆಳಿಗ್ಗೆ ಕೂತ ಸಾವ್ಕಾರರು ಏಳುವುದು ಊಟಕ್ಕೆ. ಚಹಾಕ್ಕೆ ಹುಡುಗ, ಬ್ಯಾಂಕಿಗೆ ಮಗ, ಗೋಡೌನಿಗೆ ಹಮಾಲ. ಅಂದರೆ ಸ್ಟೇರಿಂಗ್ ಇಲ್ಲದ ಡ್ರೈವರು!

ನಮಗೆ ಪರಿಚಯದ ಒಬ್ಬ ಹಿರಿಯ ಕಿರಾಣಿ ವ್ಯಾಪಾರಿಗೆ ಎದೆನೋವು ಬಂದು ಸ್ಟಂಟ್ ಹಾಕಿಸಿದರು. ಆಮೇಲೆ ಮಕ್ಕಳು ಪ್ರೀತಿಯಿಂದಲೇ ಅವರನ್ನು ಮನೆಯಲ್ಲಿ ಕೂಡಿಸಿದರು. ಅಂಗಡಿ ಬೇಡ, ಮೆಟ್ಟಿಲು ಬೇಡ, ಗೆಳೆಯರು ಬೇಡ. ಹೋಗಿ "ಆರಾಮಾ ಸಾವ್ಕಾರ್ರೇ?" ಅಂದರೆ, "ಎಲ್ಲೀ ಆರಾಮ ಬಿಡ್ರೀ! ಸ್ಟಂಟ್ ಹಾಕಿದ್ದು ಗುಂಡಿಗಿಗೆ, ಬೀಗ ಹಾಕಿದ್ದು ನನಗ" ಅಂದರು.

ಮಾತು ಚುಚ್ಚಿತು. ಒಂಟಿತನವೂ ಗುಂಡಿಗೆಗೆ ಕೆಟ್ಟದ್ದೇ. ಜನರ ಒಡನಾಟವಿಲ್ಲದೆ ಒಂಟಿಯಾದವರಿಗೆ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡಾ 30ರಷ್ಟು ಹೆಚ್ಚು ಕಾಣುತ್ತದೆ ಎಂದು ಅಮೆರಿಕದ ಹೃದ್ರೋಗ ಸಂಘ 2022ರಲ್ಲಿ ಹೇಳಿದೆ. ಈಗ ನಮ್ಮ ಸಾವ್ಕಾರರು ಡಾಕ್ಟರನ್ನು ಕೇಳಿಕೊಂಡು ದಿನಾ ಬೆಳಿಗ್ಗೆ ಗೆಳೆಯರ ಜೊತೆ ಕಾಲುವೆ ದಂಡೆಗೆ ಹೋಗುತ್ತಾರೆ. ಮುಖದಲ್ಲಿ ಕಳೆ ಬಂದಿದೆ; ಬೈಗುಳವೂ ವಾಪಸು ಬಂದಿದೆ!

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ನಡಿಗೆ. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ನಡೆದರೆ ಆಯಿತು. ಗಡಿಯಾರ ಬೇಕಿಲ್ಲ. ಜೊತೆಗಾರರೊಡನೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅಷ್ಟು ಚುರುಕು ಸಾಕು. ಬೇಸಿಗೆಯಲ್ಲಿ ನಮ್ಮ ಬಿಸಿಲು ಗೊತ್ತೇ ಇದೆ. ಬಿಸಿಲೇರುವ ಮೊದಲೇ ಮುಗಿಸಿ.

2021ರಲ್ಲಿ ಜಿಲ್ಲೆ ಎರಡಾಯಿತು. ಹೊಸಪೇಟೆ, ಹಂಪಿ ವಿಜಯನಗರಕ್ಕೆ. ಸಂಡೂರು, ಕಂಪ್ಲಿ ಬಳ್ಳಾರಿಗೆ. ಆದರೆ ಬಸ್ಸು, ಬಜ್ಜಿ, ಬಿ.ಪಿ. ಮೂರೂ ಪಾಲಾಗಲಿಲ್ಲ! ನಡೆಯುವ ಜಾಗವೂ ನಾಲ್ಕೂ ಊರಲ್ಲಿ ಇದೆ. ಹಂಪಿಯವರಿಗೆ ವಿರೂಪಾಕ್ಷನ ಗುಡಿಯಿಂದ ಎದುರು ಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರಿನ ಸಮತಟ್ಟು ರಥಬೀದಿ. ಎರಡು ಸಲ ಹೋಗಿಬಂದರೆ ಮೂರು ಕಿಲೋಮೀಟರು, ದರ್ಶನವೂ ಆಯಿತು. ಕಂಪ್ಲಿಯವರಿಗೆ ಹೊಳೆ ಇದೆ, ಕೋಟೆ ಇದೆ. ಹೊಳೆ ತುಂಬಿದಾಗ ಸೇತುವೆ ಮುಳುಗಿತಾ ಅಂತ ನೋಡಲು ಊರೇ ನಡೆದು ಹೋಗುತ್ತದಲ್ಲ, ಆ ಉತ್ಸಾಹ ವರ್ಷವಿಡೀ ಇರಲಿ. ಸಂಡೂರಿನವರು ಅದಿರು ಲಾರಿ ಓಡುವ ರಸ್ತೆ ಬಿಟ್ಟು ಗಿಡಮರದ ಕಡೆ ಹೋಗಲಿ. ಗುಂಡಿಗೆಗೆಂದು ನಡೆದು ಧೂಳು ಕುಡಿದು ಬರಬಾರದು. ಹೊಸಪೇಟೆಯ ವ್ಯಾಪಾರಿಗಳು ಚಹಾಕ್ಕೆ ಹುಡುಗನನ್ನು ಕಳಿಸದೆ ತಾವೇ ಹೋಗಲಿ. ಬಸ್ಸಿನವರು ಒಂದು ಸ್ಟಾಪು ಮೊದಲೇ ಇಳಿಯಲಿ.

ಹೆಂಗಸರ ಮಾತು ಬಿಟ್ಟರೆ ತಪ್ಪಾದೀತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸು ಅವರಿಗೆ ಉಚಿತ. ಮನೆಯಲ್ಲೇ ಕೂತ ಅವ್ವಂದಿರು ಈಗ ನಾಲ್ಕು ಜನ ಕೂಡಿ ಹಂಪಿಗೆ, ಸಂಡೂರಿಗೆ ಹೊರಡುತ್ತಾರೆ. "ಪುಗಸಟ್ಟೆ ತಿರುಗ್ತಾರ" ಅಂತ ನಗುವವರು ನಗಲಿ. ಕಾಲಿಗೆ ಕೆಲಸ, ಬಾಯಿಗೆ ಮಾತು, ಮನಸ್ಸಿಗೆ ಗೆಲುವು. ಮೂರೂ ಒಂದೇ ಸೀಟಿನಲ್ಲಿ ಸಿಕ್ಕಂತಾಯಿತು.

ಇನ್ನು ತಿನ್ನುವ ಮಾತು. ಸಂಜೆ ಒಗ್ಗರಣೆ-ಮಿರ್ಚಿ ಬಿಡಿ ಅಂದರೆ ಈ ಪತ್ರಿಕೆಯನ್ನೇ ಬಿಟ್ಟೀರಿ! ಬಿಡುವುದು ಬೇಡ, ದಿನದ ಊಟ ಮಾಡಬೇಡಿ. ಎಂದಾದರೊಮ್ಮೆ, ನಾಲ್ಕರ ಜಾಗದಲ್ಲಿ ಒಂದು. ಕಳ್ಳ ಇರುವುದು ಉಪ್ಪಿನಲ್ಲಿ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸೇರಿಯೇ ಆ ಲೆಕ್ಕ. ನಮ್ಮ ಜೋಳದ ರೊಟ್ಟಿ, ಕಾಳುಪಲ್ಯ, ಮೆಂತ್ಯ ಸೊಪ್ಪು, ಉಪ್ಪು ಹಚ್ಚದ ಒಂದು ಹಿಡಿ ಶೇಂಗಾ, ಇಲ್ಲಿಯದೇ ಬಾಳೆಹಣ್ಣು ಇರುವಾಗ ಗುಂಡಿಗೆಗೆ ಬೇರೆ ದೇಶದ ಊಟ ಯಾಕೆ? ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಹಣ್ಣಿನ ಅಳತೆ ಡಾಕ್ಟರಲ್ಲಿ ಕೇಳಲಿ. ಬೀಡಿ ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಅಪಾಯ ಸೇದುವವರ ಅರ್ಧಕ್ಕೆ ಇಳಿಯುತ್ತದೆ. ಎಲೆ-ಅಡಿಕೆಯ ಜೊತೆಗಿನ ತಂಬಾಕಿಗೂ ವಿದಾಯ ಹೇಳಿ.

ಕೊನೆಗೆ ಎರಡು ಎಚ್ಚರಿಕೆ. ನಡೆಯಲು ಶುರು ಮಾಡಿದೆ ಅಂತ ಬಿ.ಪಿ. ಗುಳಿಗೆಯನ್ನು ತಾನೇ ನಿಲ್ಲಿಸುವುದು ಬೇಡ. ಇನ್ನೊಂದು, ಎದೆ ಹಿಂಡಿ, ಎಡಗೈ ಎಳೆದು, ಬೆವರು ಕಿತ್ತರೆ "ಗ್ಯಾಸು" ಅಂತ ಸೋಡಾ ಕುಡಿದು ಮಲಗಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಹೊಸಪೇಟೆಯ ಜನ ಪ್ರತಿಮೆ ನಿಲ್ಲಿಸಿ ಆರಾಧಿಸುವ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹೃದಯಾಘಾತದಿಂದ ಹೋದರು. ಅವರ ಹೆಸರಿನಲ್ಲಿ ಸರ್ಕಾರ 2023ರಲ್ಲಿ ಹೃದಯಜ್ಯೋತಿ ಯೋಜನೆ ತಂದಿತು. ಗೊತ್ತುಮಾಡಿದ ಜಿಲ್ಲಾ, ತಾಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆ ಇದು. ಆದರೆ ಮೊದಲ ತಾಸುಗಳಲ್ಲಿ ಅಲ್ಲಿಗೆ ಮುಟ್ಟಬೇಕು. ಸೋಡಾ ಅಂಗಡಿಯಲ್ಲಿ ಕಳೆದ ಹೊತ್ತು ವಾಪಸು ಬರುವುದಿಲ್ಲ.

ಮಕ್ಕಳಿಗೂ ಒಂದು ಮಾತು: ತಾತನಿಗೆ ಕುರ್ಚಿ ಕೊಟ್ಟರೆ ಸಾಲದು, ಚಪ್ಪಲಿಯನ್ನೂ ಬಾಗಿಲ ಮುಂದಿಡಿ. ಹಿರಿಯರೇ, ನಾಳೆ ಬೆಳಿಗ್ಗೆ ಹಾಸಿಗೆ ಬಿಡಲು ಬೇಜಾರಾದರೆ ನಮ್ಮ ಕಂಡಕ್ಟರ ಕೂಗು ನೆನೆಸಿಕೊಳ್ಳಿ. ಅವರು ಟಿಕೆಟಿಗಾಗಿ ಹೇಳುತ್ತಾರೆ, ನಾವು ನಿಮ್ಮ ಗುಂಡಿಗೆಗಾಗಿ ಹೇಳುತ್ತೇವೆ:

"ಮುಂದ್ ಹೋಗ್ರೀ, ಮುಂದ್ ಹೋಗ್ರೀ!"